ಫಾರ್ವರ್ಡ್ ಮಾಡಿದರೂ ಅದು ನಮ್ಮ ಮಾತೇ

"ತುರ್ತು! ಬಿ ನೆಗೆಟಿವ್ ರಕ್ತ ಬೇಕಾಗಿದೆ. ದಾವಣಗೆರೆ ಆಸ್ಪತ್ರೆ. ದಯವಿಟ್ಟು ಎಲ್ಲಾ ಗ್ರೂಪಿಗೂ ಶೇರ್ ಮಾಡಿ."

ನಮ್ಮ ಜಿಲ್ಲೆಯ ಯಾವ ವಾಟ್ಸಾಪ್ ಗ್ರೂಪ್ ತೆಗೆದರೂ ಇಂಥದ್ದೊಂದು ಮೆಸೇಜ್ ಸಿಗುತ್ತದೆ. ಚಿತ್ರದುರ್ಗ, ಹಾವೇರಿ, ಬಳ್ಳಾರಿ ಕಡೆಯಿಂದಲೂ ದೊಡ್ಡ ಕಾಯಿಲೆ ಎಂದರೆ ಜನ ದಾವಣಗೆರೆಗೇ ಬರುವುದರಿಂದ ರಕ್ತದ ಬೇಡಿಕೆಯೂ ಇಲ್ಲಿ ಜಾಸ್ತಿ. ಕಳಿಸುವವರ ಮನಸ್ಸು ಒಳ್ಳೆಯದೇ. ಆದರೆ ಆ ಮೆಸೇಜಿನಲ್ಲಿ ಯಾವ ಆಸ್ಪತ್ರೆ ಎಂದಿಲ್ಲ, ಎಷ್ಟು ಯೂನಿಟ್ ಎಂದಿಲ್ಲ, ಯಾವತ್ತಿನದು ಎಂಬುದಂತೂ ಇಲ್ಲವೇ ಇಲ್ಲ. ಹರಿಹರದಲ್ಲಿ ಅಂಗಡಿ ಇಟ್ಟುಕೊಂಡವನೊಬ್ಬ ಅದನ್ನು ನೋಡಿ ಶಟರ್ ಎಳೆದು ಬಸ್ ಹತ್ತಿದ ಎಂದುಕೊಳ್ಳಿ. ಕೆಳಗಿದ್ದ ನಂಬರಿಗೆ ಫೋನ್ ಮಾಡಿದರೆ, ರೋಗಿ ಮನೆಗೆ ಹೋಗಿ ಆರು ತಿಂಗಳಾಯಿತು ಎಂಬ ಉತ್ತರ ಬರುತ್ತದೆ. ಅವನಿಗೆ ಅವತ್ತಿನ ವ್ಯಾಪಾರ ಹೋಯಿತು. ಅದಕ್ಕಿಂತ ದೊಡ್ಡ ನಷ್ಟ ಆಗುವುದು ಆಮೇಲೆ: ಮುಂದಿನ ಸಲ ನಿಜವಾಗಿಯೂ ತುರ್ತಿನ ಮೆಸೇಜ್ ಬಂದಾಗ ಅವನು ಏಳುವುದಿಲ್ಲ. ಬಿ ನೆಗೆಟಿವ್ ಇರುವವರೇ ಕಡಿಮೆ. ಅವರಲ್ಲಿ ಒಬ್ಬ ನಂಬಿಕೆ ಕಳೆದುಕೊಂಡರೂ ಊರಿಗೆ ನಷ್ಟ.

ರಕ್ತ ಕೇಳುವ ಮೆಸೇಜ್ ಹೀಗಿದ್ದರೆ ಕೆಲಸಕ್ಕೆ ಬರುತ್ತದೆ: "ದಿನಾಂಕ ಇಂಥದ್ದು, ಬುಧವಾರ, ಬೆಳಿಗ್ಗೆ 9 ಗಂಟೆ. ಬಿ ನೆಗೆಟಿವ್, 2 ಯೂನಿಟ್, ಇವತ್ತು ಸಂಜೆ 5ರೊಳಗೆ ಬೇಕು. ಇಂಥ ಆಸ್ಪತ್ರೆ, ರಕ್ತನಿಧಿ ನೆಲಮಹಡಿಯಲ್ಲಿದೆ. ಸಂಪರ್ಕಕ್ಕೆ ರೋಗಿಯ ಮಗನ ನಂಬರ್. ಸಂಜೆ 5ರ ನಂತರ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಸಿಕ್ಕ ಕೂಡಲೇ ಇಲ್ಲೇ ತಿಳಿಸುತ್ತೇವೆ." ದಿನಾಂಕದ ಜೊತೆ ವಾರವನ್ನೂ ಬರೆಯುವುದು ಒಳ್ಳೆಯದು. ಯಾರಾದರೂ ದಿನಾಂಕ ಮಾತ್ರ ಬದಲಿಸಿ ಮತ್ತೆ ಬಿಟ್ಟರೆ ವಾರ ಕೂಡುವುದಿಲ್ಲ, ತಕ್ಷಣ ಗೊತ್ತಾಗುತ್ತದೆ. ಬೇಕಾದದ್ದು ಪೂರ್ತಿ ರಕ್ತವೋ ಪ್ಲೇಟ್‌ಲೆಟ್ ಮಾತ್ರವೋ ಎಂಬುದನ್ನೂ ಬರೆಯಬೇಕು, ಏಕೆಂದರೆ ಎರಡೂ ಒಂದೇ ಅಲ್ಲ. ಮಷಿನ್ ಮೂಲಕ ಪ್ಲೇಟ್‌ಲೆಟ್ ಕೊಡುವವರು ಒಂದು, ಒಂದೂವರೆ ಗಂಟೆ ಮಲಗಿರಬೇಕಾಗುತ್ತದೆ, ಅಷ್ಟು ಬಿಡುವು ಮಾಡಿಕೊಂಡೇ ಬರಬೇಕು. ಸಂಗ್ರಹಿಸಿದ ಪ್ಲೇಟ್‌ಲೆಟ್ ಉಳಿಯುವುದು 5 ದಿನ ಮಾತ್ರ. ಮಳೆಗಾಲದಲ್ಲಿ ಡೆಂಗಿ ಹೆಚ್ಚಾದಾಗ ಇದೇ ಬೇಡಿಕೆ ಮುಂದಿರುತ್ತದೆ.

ಕೊಡುವವರ ಕಡೆಯ ಲೆಕ್ಕವೂ ಮೆಸೇಜಿನಲ್ಲಿ ಒಂದು ಸಾಲು ಇದ್ದರೆ ಸುಮ್ಮನೆ ಓಡಾಡುವುದು ತಪ್ಪುತ್ತದೆ. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕಿಲೊ, ಹಿಮೋಗ್ಲೋಬಿನ್ 12.5. ಒಮ್ಮೆ ರಕ್ತ ಕೊಟ್ಟ ಗಂಡಸರು 90 ದಿನ, ಹೆಂಗಸರು 120 ದಿನ ಬಿಟ್ಟೇ ಮತ್ತೆ ಕೊಡಬೇಕು. ಇನ್ನೊಂದು ಮಾತು: ಮೆಸೇಜ್ ಬರೆಯುವ ಮುಂಚೆ ಸರ್ಕಾರದ ಇ-ರಕ್ತಕೋಶ ಪೋರ್ಟಲ್‌ನಲ್ಲಿ ಜಿಲ್ಲೆ ಆರಿಸಿ, ಯಾವ ರಕ್ತನಿಧಿಯಲ್ಲಿ ಯಾವ ಗುಂಪಿನ ರಕ್ತ ಇದೆ ಎಂದು ನೋಡಿ, ಅಲ್ಲಿಗೆ ಒಂದು ಫೋನ್ ಮಾಡಬೇಕು. ಪಕ್ಕದ ಬೀದಿಯಲ್ಲೇ ಇರುವ ರಕ್ತಕ್ಕೆ ಮೂರು ಜಿಲ್ಲೆಯ ಗ್ರೂಪುಗಳನ್ನು ಎಬ್ಬಿಸುವುದು ಯಾಕೆ?

ನಂಬರ್ ಹಾಕುವಾಗಲೂ ಎಚ್ಚರ ಬೇಕು. ಆ ನಂಬರಿಗೆ ತಿಂಗಳುಗಟ್ಟಲೆ ಫೋನ್ ಬರುತ್ತಲೇ ಇರುತ್ತದೆ. ಹೆಣ್ಣುಮಕ್ಕಳ ನಂಬರ್ ಆದರೆ ಬೇಡದ ಕರೆಗಳೂ ಬರುತ್ತವೆ. "ನಾನೇ ಡೋನರ್, ರಾಣೆಬೆನ್ನೂರಿಂದ ಹೊರಟಿದ್ದೇನೆ, ಪೆಟ್ರೋಲಿಗೆ ಫೋನ್‌ಪೇ ಮಾಡಿ" ಎಂದು ಹಣ ಕೀಳುವವರೂ ಇದ್ದಾರೆ. ದಾನಿ ರಕ್ತನಿಧಿಯ ಬಾಗಿಲಿಗೆ ಬರುವ ಮುಂಚೆ ಒಂದು ರೂಪಾಯಿಯನ್ನೂ ಕಳಿಸಬಾರದು. ಮೂಗಿಗೆ ಪೈಪು ಹಾಕಿದ ರೋಗಿಯ ಫೋಟೊ ಹಾಕುವ ಅಗತ್ಯ ಖಂಡಿತ ಇಲ್ಲ. ಫೋಟೊ ಇದ್ದರೆ ಜನ ಬೇಗ ಕರಗುತ್ತಾರೆ, ನಿಜ. ಆದರೆ ಹುಷಾರಾಗಿ ಮನೆಗೆ ಬಂದ ಮೇಲೆ ಆ ಮನುಷ್ಯ ತನ್ನ ಊರಿನಲ್ಲಿ ಎಲ್ಲರ ಮೊಬೈಲಿನಲ್ಲೂ ಆ ಸ್ಥಿತಿಯಲ್ಲೇ ಉಳಿದಿರುತ್ತಾನೆ.

ಚಿಕಿತ್ಸೆಗೆ ಹಣ ಕೇಳುವ ಪೋಸ್ಟುಗಳಲ್ಲಿ ಮೋಸ ನಡೆಯುವ ರೀತಿ ಬೇರೆ. ಮಗುವಿನ ಫೋಟೊ, ಆಸ್ಪತ್ರೆಯ ಬಿಲ್ಲು, ಬರಹ ಎಲ್ಲ ನಿಜವಾದದ್ದೇ ಇರುತ್ತದೆ. ಕ್ಯೂಆರ್ ಕೋಡ್ ಮಾತ್ರ ಬದಲಾಗಿರುತ್ತದೆ. ಸ್ಕ್ಯಾನ್ ಮಾಡಿದಾಗ ಪರದೆಯಲ್ಲಿ ಬರುವ ಖಾತೆದಾರನ ಹೆಸರಿಗೂ ಪೋಸ್ಟಿನಲ್ಲಿರುವ ಹೆಸರಿಗೂ ಸಂಬಂಧ ಇಲ್ಲದಿದ್ದರೆ ಅಲ್ಲೇ ನಿಲ್ಲಬೇಕು. ಆಸ್ಪತ್ರೆಗೆ ಫೋನ್ ಮಾಡಿ ಕೇಳುವುದರಲ್ಲಿ ಸಂಕೋಚ ಬೇಡ. ಹಣ ಎತ್ತುವವರೂ ಅಷ್ಟೇ: ಎಷ್ಟು ಬೇಕಿತ್ತು, ಎಷ್ಟು ಬಂತು, ಯಾವಾಗ ನಿಲ್ಲಿಸಿದೆವು ಎಂಬ ಮೂರು ಸಾಲನ್ನು ಕೊನೆಗೆ ಅದೇ ಜಾಗದಲ್ಲಿ ಹಾಕಬೇಕು. ಯಾರೂ ಕೇಳದಿದ್ದರೂ ಹಾಕಬೇಕು.

ರಕ್ತದ ಮೆಸೇಜನ್ನೇ ಇಷ್ಟುದ್ದ ಹಿಡಿದದ್ದಕ್ಕೆ ಕಾರಣ ಇದೆ. ಮರ್ಯಾದೆ ಒಂದು, ಸತ್ಯ ಇನ್ನೊಂದು ಎಂದು ನಾವು ಬೇರೆಬೇರೆ ಇಟ್ಟುಕೊಂಡಿದ್ದೇವೆ. ಮೇಲಿನ ಮೆಸೇಜಿನಲ್ಲಿ "ದಯವಿಟ್ಟು" ಇತ್ತು, ಅದರ ಪಕ್ಕ ಕೈಮುಗಿದ ಎಮೋಜಿಯೂ ಇರುತ್ತದೆ. ಇಲ್ಲದೇ ಹೋದದ್ದು ದಿನಾಂಕ. ಓದುವವರ ಹೊತ್ತು, ದುಡಿಮೆ, ನಂಬಿಕೆ ಹಾಳಾಗದ ಹಾಗೆ ನೋಡಿಕೊಳ್ಳುವುದೇ ಇಲ್ಲಿ ಮರ್ಯಾದೆ. ಯಾವತ್ತಿನದು, ಎಲ್ಲಿಯದು, ಯಾರು ಹೇಳಿದ್ದು ಎಂಬ ಮೂರನ್ನು ಹೇಳದೆ ಅದು ಆಗುವುದಿಲ್ಲ.

"ಬಂದದ್ದನ್ನು ಹಾಗೇ ಕಳಿಸಿದ್ದೇನೆ" ಎಂದು ಕೆಳಗೆ ಬರೆದು ಕೈತೊಳೆದುಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ಅದರಿಂದ ಹೊಣೆ ತಪ್ಪುವುದಿಲ್ಲ. ಒಂದು ಮೆಸೇಜನ್ನು ಫಾರ್ವರ್ಡ್ ಮಾಡುವುದೆಂದರೆ ಅದನ್ನು ಒಪ್ಪಿ ಅನುಮೋದಿಸಿದಂತೆಯೇ ಎಂದು ಮದ್ರಾಸ್ ಹೈಕೋರ್ಟ್ 2018ರಲ್ಲಿ ಹೇಳಿದೆ. ಕೋರ್ಟಿನ ಮಾತು ಬದಿಗಿರಲಿ. ಓದುವವರು ನೋಡುವುದೂ ಹಾಗೆಯೇ. ಮೇಷ್ಟ್ರು ಕಳಿಸಿದ್ದು, ಡಾಕ್ಟರ್ ಕಳಿಸಿದ್ದು, ದೊಡ್ಡಪ್ಪ ಕಳಿಸಿದ್ದು ಎಂದೇ ನಂಬುತ್ತಾರೆ. ಮೂಲದಲ್ಲಿ ಬರೆದವರು ಯಾರೋ ಯಾರಿಗೂ ಗೊತ್ತಿರುವುದಿಲ್ಲ.

2018ರ ಮಕ್ಕಳ ಕಳ್ಳರ ವದಂತಿಯನ್ನು ಇಲ್ಲಿ ನೆನೆಯಲೇಬೇಕು. ಬೈಕಿನಲ್ಲಿ ಬಂದ ಇಬ್ಬರು ಮಗುವೊಂದನ್ನು ಎತ್ತಿಕೊಂಡು ಹೋಗುವ ವಿಡಿಯೊ ಆಗ ದೇಶದ ತುಂಬ ಹರಿದಾಡಿತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಜಾಗೃತಿಗಾಗಿ ಮಾಡಿದ್ದ ಚಿತ್ರ. ಮಗುವನ್ನು ವಾಪಸು ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ವರ್ಷ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಜನ ಸೇರಿ ಒಬ್ಬನನ್ನು ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲೂಕಿನಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬುದಕ್ಕೆ ಶುರುವಾದ ಅನುಮಾನ ಫೋನಿನಲ್ಲಿ ಮುಂದಿನ ಊರಿಗೆ ದಾಟಿ, ಕಾರಿನಲ್ಲಿದ್ದವರ ಮೇಲೆ ಜನ ಮುಗಿಬಿದ್ದು ಒಬ್ಬ ಯುವಕ ಸತ್ತ. ಫಾರ್ವರ್ಡ್ ಮಾಡಿದವರಲ್ಲಿ ಹೆಚ್ಚಿನವರು ಮಕ್ಕಳ ಮೇಲಿನ ಕಾಳಜಿಯಿಂದಲೇ ಮಾಡಿದ್ದರು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ 5 ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತಂದಿತು. ಐದು ಕೈ ದಾಟಿ ಬಂದ ಮೆಸೇಜಿಗೆ ಜೋಡಿ ಬಾಣದ ಗುರುತು ಬರುತ್ತದೆ; 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸಬಹುದು. ಜೋಡಿ ಬಾಣ ಕಂಡರೆ ಅದು ಸುಳ್ಳೆಂದಲ್ಲ. ಕಳಿಸಿದವರಿಗೆ ಅದರ ಮೂಲ ಗೊತ್ತಿಲ್ಲ ಎಂದು ಮಾತ್ರ ತಿಳಿಯಬೇಕು. ಪಠ್ಯವನ್ನು ಕಾಪಿ ಮಾಡಿ ಅಂಟಿಸಿದರೆ ಆ ಬಾಣವೂ ಹೋಗುತ್ತದೆ. ಬೇರೆಯವರು ಬರೆದದ್ದನ್ನು ಹಾಗೆ ಅಂಟಿಸಿ ಕಳಿಸಬಾರದು ಎನ್ನುವುದಕ್ಕೆ ಇದೇ ಕಾರಣ.

ಪರೀಕ್ಷೆ ಮಾಡುವುದು ಕಷ್ಟ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಊರಿನ ತಿಳಿವಳಿಕೆ ಇದ್ದರೆ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ. ಹಿರಿಯೂರಿನ ವಾಣಿವಿಲಾಸ ಸಾಗರ ಅಣೆಕಟ್ಟನ್ನೇ ತೆಗೆದುಕೊಳ್ಳಿ, ನಮ್ಮ ಕಡೆ ಅದನ್ನು ಮಾರಿಕಣಿವೆ ಎನ್ನುತ್ತಾರೆ. ಮಾರಿಕಣಿವೆ 130 ಅಡಿ ತುಂಬಿ ಕೋಡಿ ಬೀಳುವುದು ನಮ್ಮ ಕಡೆ ದೊಡ್ಡ ಸುದ್ದಿ. 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ, ಆಮೇಲೆ 2025ರ ಜನವರಿಯಲ್ಲಿ. ಇಂಥ ಹೊತ್ತಿನಲ್ಲಿ "ಮಾರಿಕಣಿವೆ ಗೇಟ್ ತೆಗೆದಿದ್ದಾರೆ, ನದಿ ಪಾತ್ರದವರು ಓಡಿ" ಎಂದು ಒಂದು ವಿಡಿಯೊ ಬಂದರೆ ಏನು ಮಾಡಬೇಕು? ಮೊದಲು ಕಟ್ಟೆಯನ್ನು ನೋಡಬೇಕು. ಮಾರಿಕಣಿವೆ ಎರಡು ಗುಡ್ಡಗಳ ನಡುವಿನ ಕಲ್ಲಿನ ಕಟ್ಟೆ. ನೀರು ಹೆಚ್ಚಾದರೆ ಪಕ್ಕದ ಕೋಡಿಯಲ್ಲಿ ತಾನಾಗಿ ಹರಿದು ಹೋಗುತ್ತದೆ. ಸಾಲಾಗಿ ಕಬ್ಬಿಣದ ಗೇಟುಗಳು ಮೇಲೆದ್ದು ನೀರು ಧುಮುಕುತ್ತಿದ್ದರೆ ಅದು ಬೇರೆ ಯಾವುದೋ ಅಣೆಕಟ್ಟು. ಅಣೆಕಟ್ಟಿನ ಕೆಳಗೆ ವೇದಾವತಿ ನದಿಯ ದಂಡೆಯಲ್ಲಿರುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೂ ಗಾಬರಿಯಲ್ಲಿ ಕೈ ಮುಂದೆ ಹೋಗುತ್ತದೆ, ಕಣ್ಣು ಹಿಂದೆ ಬೀಳುತ್ತದೆ.

ಕಣ್ಣಿಗೆ ಗೊತ್ತಾಗದಿದ್ದರೆ ಗೂಗಲ್ ಲೆನ್ಸ್ ಇದೆ. ವಿಡಿಯೊ ಆದರೆ ಅಂಗಡಿ ಬೋರ್ಡು, ಬಸ್ಸು, ನಂಬರ್ ಪ್ಲೇಟು, ಗುಡಿಗೋಪುರ ಯಾವುದಾದರೂ ಸ್ಪಷ್ಟವಾಗಿ ಕಾಣುವ ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಗೂಗಲ್ ಆ್ಯಪ್‌ನಲ್ಲಿ ಕ್ಯಾಮೆರಾ ಗುರುತು ಒತ್ತಿ, ಗ್ಯಾಲರಿಯಿಂದ ಆ ಚಿತ್ರ ಆರಿಸಿ. ಜನರ ಮುಖ, ಮೇಲೆ ಅಂಟಿಸಿದ ಕನ್ನಡ ಬರಹ ಬಿಟ್ಟು, ಕಟ್ಟಡ ಅಥವಾ ಬೋರ್ಡಿನ ಸುತ್ತ ಚೌಕವನ್ನು ಕಿರಿದು ಮಾಡಿ. ಅಂಟಿಸಿದ ಬರಹ ಚೌಕದೊಳಗೆ ಉಳಿದರೆ ಹುಡುಕಾಟ ದಾರಿ ತಪ್ಪುತ್ತದೆ. ಸಿಕ್ಕ ಫಲಿತಾಂಶಗಳಲ್ಲಿ ಹಳೆಯ ದಿನಾಂಕದ್ದನ್ನು ತೆರೆದು ನೋಡಿ. ಇವತ್ತಿನ ಘಟನೆ ಎಂದು ಬಂದ ಚಿತ್ರ ಮೂರು ವರ್ಷದ ಹಿಂದಿನ ಪುಟದಲ್ಲಿ ಸಿಕ್ಕರೆ ಅಲ್ಲಿಗೆ ಮುಗಿಯಿತು. ಏನೂ ಸಿಗದಿದ್ದರೆ ಅದು ನಿಜ ಎಂದು ಅರ್ಥವಲ್ಲ. ಒಂದೆರಡು ಬೇರೆ ದೃಶ್ಯಗಳಿಂದ ಮತ್ತೆ ಹುಡುಕಬೇಕು. ಕೆಎ 17 ಎಂದರೆ ದಾವಣಗೆರೆ, ಕೆಎ 16 ಎಂದರೆ ಚಿತ್ರದುರ್ಗ ನೋಂದಣಿ. ಆದರೆ ಗಾಡಿ ಎಲ್ಲಿಗೆ ಬೇಕಾದರೂ ಹೋಗುತ್ತದೆ, ಅದೊಂದನ್ನೇ ನಂಬಿ ಊರು ನಿರ್ಧರಿಸಬಾರದು.

"ನಾಳೆ ಶಾಲೆಗಳಿಗೆ ರಜೆ" ಎಂಬ ಜಿಲ್ಲಾಧಿಕಾರಿ ಆದೇಶದ ಚಿತ್ರಕ್ಕೆ ಲೆನ್ಸ್ ಬೇಕಾಗಿಲ್ಲ. ದಿನಾಂಕ ಮತ್ತು ವಾರ ಕೂಡುತ್ತವೆಯೇ, ಸಹಿ ಈಗಿನ ಜಿಲ್ಲಾಧಿಕಾರಿಯದೇ, ಯಾವ ತಾಲೂಕು, ಅಂಗನವಾಡಿಗೆ ಮಾತ್ರವೋ ಪಿಯುಸಿವರೆಗೋ ಎಂಬುದನ್ನು ನೋಡಿದರೆ ಸಾಕು. ಹಿಂದಿನ ವರ್ಷದ ಆದೇಶ ಮತ್ತೆ ಎದ್ದು ಬಂದಿದ್ದರೆ ಸಾಮಾನ್ಯವಾಗಿ ಸಹಿಯಲ್ಲೇ ಸಿಕ್ಕಿಬೀಳುತ್ತದೆ. ಕೇಂದ್ರ ಸರ್ಕಾರದ ಯೋಜನೆ, ಉಚಿತ ಲ್ಯಾಪ್‌ಟಾಪ್, ರೀಚಾರ್ಜ್ ಇಂಥ ಮೆಸೇಜುಗಳು ನಿಜವೋ ಸುಳ್ಳೋ ಎಂದು ನೋಡಲು ಕೇಂದ್ರದ ವಾರ್ತಾ ಸಂಸ್ಥೆ ಪಿಐಬಿಯ ಫ್ಯಾಕ್ಟ್ ಚೆಕ್ 2019ರಿಂದ ಇದೆ.

ಧಾರಣೆಯ ಪೋಸ್ಟುಗಳ ಬಗ್ಗೆಯೂ ಒಂದು ಮಾತು. ಚನ್ನಗಿರಿ ಅಡಿಕೆ, ದಾವಣಗೆರೆ ಮೆಕ್ಕೆಜೋಳ ಎಂದು ಗರಿಷ್ಠ ದರವನ್ನಷ್ಟೇ ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆ. ಆ ದರ ಸಿಕ್ಕಿದ್ದು ಒಂದೇ ಲಾಟಿಗೆ ಇರಬಹುದು. ಮಾರುಕಟ್ಟೆ, ದಿನಾಂಕ, ಅಡಿಕೆಯಾದರೆ ಯಾವ ಬಗೆ (ರಾಶಿಯೋ ಬೆಟ್ಟೆಯೋ ಸರಕೋ) ಎಂಬುದು, ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚಿನ ಮಾಲು ಮಾರಾಟವಾದ ದರ) ಮೂರೂ ದರ ಇದ್ದರೆ ಮಾತ್ರ ರೈತನಿಗೆ ಅದು ಸುದ್ದಿ. ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಮೂರೂ ಸಿಗುತ್ತವೆ. ಮೊನ್ನೆಯ ದರ ನಂಬಿ ಬಾಡಿಗೆ ಗಾಡಿ ಮಾಡಿಕೊಂಡು ಮಾಲು ತಂದವನಿಗೆ ಆ ಬಾಡಿಗೆಯನ್ನು ಪೋಸ್ಟ್ ಹಾಕಿದವರು ಕೊಡುವುದಿಲ್ಲ.

ಇನ್ನು ಫೋಟೊಗಳ ವಿಷಯ. ರಾಷ್ಟ್ರೀಯ ಹೆದ್ದಾರಿ 48 ಚಿತ್ರದುರ್ಗ, ದಾವಣಗೆರೆ, ಹರಿಹರ ಹಾದು ಹೋಗುತ್ತದೆ, ಅಪಘಾತಗಳೂ ಆಗುತ್ತವೆ. ಆಂಬುಲೆನ್ಸ್ ಬರುವ ಮುಂಚೆ ವಿಡಿಯೊ ಗ್ರೂಪಿಗೆ ಬಂದಿರುತ್ತದೆ. ರಕ್ತದಲ್ಲಿ ಬಿದ್ದವರ ಮುಖ, ಗಾಡಿ ನಂಬರ್ ಎರಡೂ ಅದರಲ್ಲಿ ಕಾಣುತ್ತವೆ. ಮನೆಯವರಿಗೆ ಸಾವಿನ ಸುದ್ದಿ ತಿಳಿಯುವುದು ಹೀಗಾಗಬಾರದು. ಇದರಲ್ಲಿ ಎರಡು ಮಾತಿಲ್ಲ. ಸ್ಥಳದಲ್ಲಿದ್ದವರು ಮಾಡಬೇಕಾದದ್ದು 112 ಅಥವಾ 108ಕ್ಕೆ ಫೋನ್, ಕಿಲೊಮೀಟರ್ ಕಲ್ಲು ನೋಡಿ ಯಾವ ದಿಕ್ಕಿನ ರಸ್ತೆ ಎಂದು ಹೇಳುವುದು. ಗಾಯಾಳುವಿಗೆ ನೆರವಾದವರನ್ನು ಕಾನೂನಿನ ತೊಂದರೆಯಿಂದ ಕಾಪಾಡುವ 134ಎ ಸೆಕ್ಷನ್ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದೆ, ಹೆದರಬೇಕಿಲ್ಲ. ಹಿಂದೆ ಬರುವವರಿಗೆ ಎಚ್ಚರಿಕೆ ಕೊಡಬೇಕೆಂದರೆ "ಇಂಥ ಕಡೆ ಅಪಘಾತ, ಬೆಂಗಳೂರು ಕಡೆಯ ರಸ್ತೆ ನಿಂತಿದೆ, ಸಮಯ 7.20" ಎಂಬ ಒಂದು ಸಾಲು ಸಾಕು. ವಿಡಿಯೊ ತೆಗೆದದ್ದಿದ್ದರೆ ಅದು ಪೊಲೀಸರಿಗೆ ಕೊಡುವ ಸಾಕ್ಷಿ. ಗ್ರೂಪಿನಲ್ಲಿ ಅದಕ್ಕೆ ಕೆಲಸ ಇಲ್ಲ.

ಮುಖ ಅಥವಾ ನಂಬರ್ ಮುಚ್ಚಿ ಹಾಕುವಾಗ ಬಹಳ ಜನ ಎಡವುವುದು ಒಂದೇ ಕಡೆ. ಫೋನಿನ ಮಾರ್ಕರ್ ಅಥವಾ ಹೈಲೈಟರ್‌ನಿಂದ ಮೂರ್ನಾಲ್ಕು ಸಲ ಗೀಚಿ ಕಪ್ಪಾಯಿತು ಎಂದುಕೊಳ್ಳುತ್ತಾರೆ. ಆ ಬಣ್ಣ ಅರೆಪಾರದರ್ಶಕ. ಯಾರಾದರೂ ಆ ಚಿತ್ರದ ಬ್ರೈಟ್‌ನೆಸ್, ಎಕ್ಸ್‌ಪೋಷರ್ ಏರಿಸಿದರೆ ಅಡಿಯ ಅಂಕಿ ಕಾಣುತ್ತದೆ. ತುಂಬು ಬಣ್ಣದ ಚೌಕವನ್ನು ಎಳೆದು ಮುಚ್ಚಬೇಕು, ಇಲ್ಲವೇ ಆ ಭಾಗವನ್ನೇ ಕತ್ತರಿಸಬೇಕು. ಆಮೇಲೆ ಮುಚ್ಚಿದ ಚಿತ್ರದ ಸ್ಕ್ರೀನ್‌ಶಾಟ್ ತೆಗೆದು, ಆ ಸ್ಕ್ರೀನ್‌ಶಾಟನ್ನೇ ಕಳಿಸಬೇಕು. ಪಿಡಿಎಫ್ ಮೇಲೆ ಎಳೆದ ಕಪ್ಪು ಚೌಕವನ್ನು ಎಷ್ಟೋ ಸಲ ಎತ್ತಿಟ್ಟು ಕೆಳಗಿನ ಅಕ್ಷರ ಓದಬಹುದು. ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಕಳಿಸುವವರು ಇದನ್ನು ನೆನಪಿಟ್ಟುಕೊಳ್ಳಿ. ವಾಟ್ಸಾಪ್‌ನಲ್ಲಿ ಫೋಟೊವನ್ನು ಫೋಟೊ ಆಗಿ ಕಳಿಸಿದರೆ ತೆಗೆದ ಜಾಗದ ಮಾಹಿತಿ ಕಳಚಿ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಜಾಗವೂ ಅದರ ಜೊತೆಗೇ ಹೋಗುತ್ತದೆ. ಮಕ್ಕಳ ಫೋಟೊ ಕಳಿಸುವಾಗ ಈ ವ್ಯತ್ಯಾಸ ಸಣ್ಣದಲ್ಲ.

ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ, ಎರಡು ವರ್ಷದವರೆಗೆ ಜೈಲು. ಮಕ್ಕಳಾದರೆ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಇದೆ. ಹೆಸರು ಹಾಕದಿದ್ದರೆ ಆಯಿತು ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿದೆ. ಸಣ್ಣ ಊರಿನಲ್ಲಿ ತಂದೆಯ ಕಸುಬು, ಓದುವ ಶಾಲೆ, ಓಣಿ, ಮನೆಯ ಮುಂದಿನ ಫೋಟೊ ಇವುಗಳಲ್ಲಿ ಒಂದೆರಡು ಸಿಕ್ಕರೆ ಹೆಸರು ಹೇಳಿದಂತೆಯೇ. "ಆ ಹುಡುಗಿಗೆ ನ್ಯಾಯ ಸಿಗಲಿ" ಎಂದು ಫೋಟೊ ಸಮೇತ ಹಾಕುವವರು ಆ ಮನೆಗೆ ಮಾಡುತ್ತಿರುವ ಹಾನಿ ಎಷ್ಟು ಎಂದು ಒಂದು ಗಳಿಗೆ ಕೂತು ಯೋಚಿಸಬೇಕು.

ಜಾತ್ರೆಯ ವಿಷಯದಲ್ಲಿ ಇಷ್ಟು ಬಿಗಿ ಬೇಡ. ದುಗ್ಗಮ್ಮನ ಜಾತ್ರೆ, ನಾಯಕನಹಟ್ಟಿ ತೇರು, ಇವುಗಳ ಜನಸಾಗರದ ಫೋಟೊ ಯಾರು ಬೇಕಾದರೂ ಹಾಕಬಹುದು. ಒಬ್ಬರನ್ನೇ ಹಿಡಿದು ಹತ್ತಿರದಿಂದ ತೆಗೆದದ್ದಾದರೆ ಕೇಳಿ ಹಾಕಬೇಕು. ಹರಕೆ ತೀರಿಸುತ್ತಿರುವವರು, ಮೈಮೇಲೆ ದೇವರು ಬಂದವರು, ಸ್ನಾನ ಮಾಡುತ್ತಿರುವವರು ಅಲ್ಲಿಗೆ ಬಂದಿರುವುದು ನಮ್ಮ ರೀಲ್ಸ್‌ಗಾಗಿ ಅಲ್ಲ.

ಗ್ರೂಪಿನೊಳಗಿನ ನಡವಳಿಕೆಯಲ್ಲಿ ಕಷ್ಟದ್ದು ಹಿರಿಯರನ್ನು ತಿದ್ದುವುದು. ಕುಟುಂಬದ ಗ್ರೂಪಿನಲ್ಲಿ ಮಾಮ ಒಂದು ಸುಳ್ಳು ಸುದ್ದಿ ಹಾಕುತ್ತಾರೆ. ಎಲ್ಲರೆದುರು "ಫೇಕ್" ಎಂದು ಬರೆದರೆ ಅವರ ಮುಖಕ್ಕೆ ಹೊಡೆದಂತಾಗುತ್ತದೆ, ಹಟಕ್ಕೆ ಬಿದ್ದು ಇನ್ನೂ ನಾಲ್ಕು ಹಾಕುತ್ತಾರೆ. ಸುಮ್ಮನಿದ್ದರೆ ಸುಳ್ಳು ಉಳಿಯುತ್ತದೆ. ಅವರಿಗೆ ಮಾತ್ರ ಬೇರೆಯಾಗಿ ಬರೆಯುವುದು ಸರಿಯಾದ ದಾರಿ: "ಮಾಮ, ನೀವು ಹಾಕಿದ ವಿಡಿಯೊ 2019ರದ್ದು, ಮಹಾರಾಷ್ಟ್ರದ್ದು ಅಂತೆ. ಲಿಂಕ್ ಕಳಿಸಿದ್ದೀನಿ ನೋಡಿ. ಗ್ರೂಪಲ್ಲಿ ನೀವೇ ಒಂದು ಮಾತು ಹಾಕಿಬಿಟ್ಟರೆ ಚೆನ್ನಾಗಿರುತ್ತೆ, ಯಾರಾದರೂ ನಂಬಿ ಮುಂದೆ ಕಳಿಸಿಬಿಟ್ಟಾರು." ಪುರಾವೆ ಜೊತೆಗಿರಬೇಕು, ತಿದ್ದುವ ಅವಕಾಶ ಅವರ ಕೈಯಲ್ಲೇ ಇರಬೇಕು. ಪ್ರಾಣಕ್ಕೆ ಕುತ್ತು ತರುವ ವಿಷಯವಾದರೆ, ಸಕ್ಕರೆ ಕಾಯಿಲೆಯ ಮಾತ್ರೆ ಬಿಡಿ ಎಂಬಂಥದ್ದು ಬಂದರೆ, ಮುಲಾಜು ನೋಡದೆ ಗ್ರೂಪಿನಲ್ಲೇ ಹೇಳಬೇಕು. ಆಗಲೂ ಮಾತು ಮೆಸೇಜಿನ ಮೇಲಿರಲಿ, ಮಾಮನ ಮೇಲೆ ಬೇಡ.

ಅಪರಿಚಿತರೊಂದಿಗೆ ಫೇಸ್‌ಬುಕ್‌ನಲ್ಲಿ ವಾದ ಮಾಡುವಾಗ ಜಗಳ ಹತ್ತುವುದು ಏಕವಚನದಿಂದ. "ನಿಂಗೇನ್ ಗೊತ್ತು" ಎಂದ ಕೂಡಲೇ ವಿಷಯ ಪಕ್ಕಕ್ಕೆ ಹೋಗಿ ಮರ್ಯಾದೆಯ ಪ್ರಶ್ನೆ ಬರುತ್ತದೆ, ಮುಂದಿನ ಕಾಮೆಂಟಿಗೆ ಜಾತಿ ಬರುತ್ತದೆ. ಎದುರಿನವರು ಇಳಿದರೂ ನಾವು "ನೀವು" ಬಿಡಬಾರದು. ಅವರು ಹೇಳಿದ ಸಾಲನ್ನು ಹಾಗೇ ಎತ್ತಿ ಬರೆದು, ಅದಕ್ಕೆ ಮಾತ್ರ ಉತ್ತರ ಕೊಟ್ಟರೆ ವಾದ ಹಳಿ ತಪ್ಪುವುದು ಕಡಿಮೆ. ಎರಡು ಸಲ ಉತ್ತರಿಸಿ ನಿಲ್ಲಿಸುವುದು ಒಳ್ಳೆಯದು. ಮೂರನೆಯದರಲ್ಲಿ ಹೊಸದೇನೂ ಇರುವುದಿಲ್ಲ. ಖಾಸಗಿ ಚಾಟ್‌ನ ಸ್ಕ್ರೀನ್‌ಶಾಟ್ ತಂದು ಹಾಕುವುದು ಗೆಲ್ಲುವ ದಾರಿಯಲ್ಲ. ಬೆದರಿಕೆ, ಕಿರುಕುಳ ಇದ್ದರೆ ಮಾತು ಬೇರೆ: ಅಂಥದ್ದನ್ನು ಅಳಿಸದೆ, ದಿನಾಂಕ, ಪ್ರೊಫೈಲಿನ ಲಿಂಕ್ ಸಮೇತ ಇಟ್ಟುಕೊಂಡು ಪೊಲೀಸರಿಗೆ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ಗೆ ದೂರು ಕೊಡಬೇಕು. ಹಣ ಹೋದರೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಬೆಣ್ಣೆದೋಸೆ ಹೋಟೆಲಿಗೆ ನಕ್ಷತ್ರ ಕೊಡುವುದೂ ಮಾತೇ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೋಗಿ ಮುಕ್ಕಾಲು ಗಂಟೆ ನಿಂತದ್ದಕ್ಕೆ ಒಂದು ನಕ್ಷತ್ರ ಕೊಟ್ಟು ಸುಮ್ಮನಾದರೆ, ದೋಸೆಯೇ ಕೆಟ್ಟದ್ದೆಂದು ಓದುವವರು ತಿಳಿಯುತ್ತಾರೆ. ಯಾವ ವಾರ, ಯಾವ ಹೊತ್ತು, ಏನು ತಿಂದಿರಿ, ಏನು ಸರಿಯಿರಲಿಲ್ಲ ಎಂದು ಬರೆಯಿರಿ. ಹೋಗದ ಹೋಟೆಲಿಗೆ, ಬರೀ ಗೆಳೆಯ ಹೇಳಿದನೆಂದು, ಐದಾಗಲಿ ಒಂದಾಗಲಿ ಕೊಡಬೇಡಿ. ಆನ್‌ಲೈನ್ ವಿಮರ್ಶೆಗಳಿಗೆ ಭಾರತೀಯ ಮಾನಕ ಬ್ಯೂರೊ ಐಎಸ್ 19000:2022 ಎಂಬ ಮಾನಕವನ್ನೇ ತಂದಿದೆ. ದುಡ್ಡು, ಪುಕ್ಕಟೆ ಊಟ, ಸೀರೆ ಪಡೆದು ರೀಲ್ಸ್ ಮಾಡುವವರಿಗೆ 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿದೆ. ಇದು ಜಾಹೀರಾತು ಎಂಬುದನ್ನು ವಿಡಿಯೊದೊಳಗೇ, ಕಾಣುವಂತೆಯೂ ಕೇಳುವಂತೆಯೂ ಹೇಳಬೇಕು. ರೀಲ್ಸ್ ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲೇ ಹೇಳಬೇಕು. ಕನ್ನಡದಲ್ಲಿ ಮಾತಾಡಿ, ಕೆಳಗೆ ಹ್ಯಾಷ್‌ಟ್ಯಾಗ್‌ಗಳ ರಾಶಿಯಲ್ಲಿ ಇಂಗ್ಲಿಷ್ ಪದವೊಂದನ್ನು ಹುದುಗಿಸಿದರೆ ಸಾಲದು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಇದೆ. ನಮ್ಮೂರಿನ ಹುಡುಗ ಹುಡುಗಿಯರು ಈಗ ಇದನ್ನು ಕಸುಬಾಗಿ ಮಾಡುತ್ತಿದ್ದಾರೆ, ಚೆನ್ನಾಗಿಯೂ ಮಾಡುತ್ತಿದ್ದಾರೆ. "ಇದು ಹಣ ಪಡೆದು ಮಾಡಿದ ಜಾಹೀರಾತು" ಎಂಬ ಐದು ಪದಕ್ಕೆ ಅವರ ಹೆಸರು ಕೆಡುವುದಿಲ್ಲ.

ಬೇರೆಯವರು ಬರೆದದ್ದನ್ನು ಹಾಕುವಾಗ ಹೆಸರು ಇರಲೇಬೇಕು. "ಸಂಗ್ರಹ", "ವಾಟ್ಸಾಪ್ ಕೃಪೆ" ಎನ್ನುವುದು ಹೆಸರಲ್ಲ. ಬರೆದವರು ಗೊತ್ತಿಲ್ಲದಿದ್ದರೆ "ಬರೆದವರು ಗೊತ್ತಿಲ್ಲ, ತಿಳಿದವರು ಹೇಳಿ" ಎನ್ನಿ, ಯಾರಾದರೂ ಹೇಳುತ್ತಾರೆ. ಚಿತ್ರದುರ್ಗದ ಕೋಟೆಯ ಮೇಲಿನ ಸೂರ್ಯೋದಯಕ್ಕೆ ನಸುಕಿನಲ್ಲೇ ಹತ್ತಿ ಕಾದು ಫೋಟೊ ತೆಗೆದವರ ಹೆಸರನ್ನು ಮೂಲೆಯಿಂದ ಕತ್ತರಿಸಿ ಹಾಕುವುದು ಕಳವು. ಬಸವಣ್ಣನವರದೆಂದು, ಅಕ್ಕನದೆಂದು ಬರುವ ವಚನಗಳಲ್ಲಿ ಮೊದಲು ಅಂಕಿತ ನೋಡಿ: ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ. ಅಂಕಿತ ಇದ್ದ ಮಾತ್ರಕ್ಕೆ ನಿಜವೆಂದಲ್ಲ, ಅದನ್ನು ಯಾರು ಬೇಕಾದರೂ ಸೇರಿಸಬಹುದು. ವಚನ ಸಂಚಯ ಜಾಲತಾಣದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳಿವೆ. ನಡುವಿನ ಒಂದು ಅಪರೂಪದ ಪದ ಕೊಟ್ಟು ಹುಡುಕಿದರೆ ಇದೆಯೋ ಇಲ್ಲವೋ ತಿಳಿಯುತ್ತದೆ.

ಅಡ್ಮಿನ್‌ಗಳಿಗೆ ಒಂದು ಸಮಾಧಾನ. ಸದಸ್ಯರು ಹಾಕಿದ ಮೆಸೇಜಿಗೆ ಅಡ್ಮಿನ್ ಆದ ಒಂದೇ ಕಾರಣಕ್ಕೆ ಹೊಣೆಯಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಆದರೂ ಕೈಯಲ್ಲಿರುವ ಅಧಿಕಾರ ಬಳಸಬೇಕು. ಯಾರೇ ಹಾಕಿದ ಮೆಸೇಜನ್ನೂ ಅಡ್ಮಿನ್ ಎಲ್ಲರಿಂದಲೂ ಅಳಿಸಬಹುದು. ಗಲಾಟೆ ಹತ್ತಿದರೆ ಒಂದು ರಾತ್ರಿ ಅಡ್ಮಿನ್ ಮಾತ್ರ ಬರೆಯುವಂತೆ ಸೆಟ್ಟಿಂಗ್ ಬದಲಿಸಬಹುದು. ಯಾರನ್ನಾದರೂ ಗ್ರೂಪಿಗೆ ಸೇರಿಸುವ ಮುಂಚೆ ಕೇಳಬೇಕು, ಬಿಟ್ಟು ಹೋದವರನ್ನು ಮತ್ತೆ ಎಳೆದು ತರಬಾರದು. ಸಾವಿನ ಸುದ್ದಿಯನ್ನು ಮನೆಯವರಲ್ಲಿ ಒಬ್ಬರು ಖಚಿತಪಡಿಸುವವರೆಗೆ ಹಾಕಲು ಬಿಡಬಾರದು. ಅಂತ್ಯಕ್ರಿಯೆಯ ಸಮಯ, ಜಾಗ ಬಂದ ಮೇಲೆ ನೂರು "ಓಂ ಶಾಂತಿ"ಗಳ ಕೆಳಗೆ ಅದು ಹೂತು ಹೋಗದ ಹಾಗೆ ಪಿನ್ ಮಾಡಬೇಕು.

ತಪ್ಪು ಸುದ್ದಿ ಹಾಕಿದ್ದು ಗೊತ್ತಾದಾಗ ಮೊದಲು ಕೈ ಹೋಗುವುದು ಡಿಲೀಟ್‌ಗೆ. ಎಲ್ಲರಿಂದಲೂ ಅಳಿಸಲು ವಾಟ್ಸಾಪ್ ಸುಮಾರು ಎರಡೂವರೆ ದಿನದ ಅವಕಾಶ ಕೊಡುತ್ತದೆ, ತಿದ್ದಲು 15 ನಿಮಿಷ. ಆದರೆ ಅಷ್ಟರಲ್ಲಿ ಬೇರೆ ಗ್ರೂಪಿಗೆ ಹೋದ ಪ್ರತಿ ಅಳಿಯುವುದಿಲ್ಲ, ತಿದ್ದಿದ ಸಾಲು ಅಲ್ಲಿಗೆ ತಲುಪುವುದೂ ಇಲ್ಲ. ಅಳಿಸಿ ಸುಮ್ಮನಾದರೆ, ಓದಿ ನಂಬಿದವರು ನಂಬಿಯೇ ಇರುತ್ತಾರೆ. ಅಪಾಯಕಾರಿ ವಿಡಿಯೊ, ಯಾರದೋ ಖಾಸಗಿ ಫೋಟೊ ಆದರೆ ಮೊದಲು ಅಳಿಸಿ, ಆಮೇಲೆ ಬರೆಯಿರಿ. ಉಳಿದದ್ದಾದರೆ ಅದೇ ಮೆಸೇಜಿಗೆ ರಿಪ್ಲೈ ಆಗಿ, ಮೊದಲ ಸಾಲಿನಲ್ಲೇ ಸರಿಯಾದ ಮಾಹಿತಿ ಬರಲಿ: "ನಾಳೆ ಶಾಲೆ ಇದೆ. ಬೆಳಿಗ್ಗೆ ನಾನು ಹಾಕಿದ ಆದೇಶ ಹೋದ ವರ್ಷದ್ದು. ಬೇರೆ ಕಡೆ ಕಳಿಸಿದವರು ದಯವಿಟ್ಟು ಇದನ್ನೂ ಕಳಿಸಿ." ಸಮಜಾಯಿಷಿಯ ಉದ್ದ ಕಥೆ ಬೇಡ, ಯಾರು ಕಳಿಸಿದ್ದರೆಂದು ಬೆರಳು ತೋರಿಸುವುದೂ ಬೇಡ. ಮೊದಲ ಮೆಸೇಜ್ ಯಾವ ಯಾವ ಗ್ರೂಪಿಗೆ, ಸ್ಟೇಟಸ್‌ಗೆ ಹೋಗಿತ್ತೋ ಅಲ್ಲೆಲ್ಲ ಇದೂ ಹೋಗಬೇಕು. ರಾತ್ರಿ ಹತ್ತಕ್ಕೆ ಹಾಕಿದ ತಿದ್ದುಪಡಿ ಬೆಳಿಗ್ಗೆಯ ಶುಭೋದಯಗಳ ಕೆಳಗೆ ಸೇರಿಬಿಡುತ್ತದೆ, ಅದಕ್ಕೇ ಅಡ್ಮಿನ್‌ಗೆ ಹೇಳಿ 24 ಗಂಟೆ ಪಿನ್ ಮಾಡಿಸಿ. ವಾರದ ತನಕ ಓಡಾಡುವ ಸುದ್ದಿಯಾದರೆ 7 ದಿನದ ಆಯ್ಕೆಯೂ ಅಲ್ಲೇ ಇದೆ.